ನೀರಿನ ಪದರದ ಮೇಲೆ ಎಂಟು ವಾರ

ಸೋರುವ ತೊಟ್ಟಿ, ಬೆವರುವ ಗೋಡೆ, ಮೇಲಿನ ಮನೆಯ ಬಚ್ಚಲಿನಿಂದ ಕೆಳಗಿನ ಮನೆಯ ಅಡುಗೆಕೋಣೆಗೆ ಇಳಿಯುವ ನೀರು, ಇವನ್ನು ನಿಲ್ಲಿಸುವುದೇ ಆಕೆಯ ಕಸುಬು. ಹಾಗಾಗಿ ಬೀದಿಯವರ ಬಾಯಲ್ಲಿ ಆಕೆ ತೇವದಕ್ಕ. ಇಪ್ಪತ್ತೆಂಟು ವರ್ಷ ಕುಕ್ಕರಗಾಲಿನಲ್ಲಿ ಕೂತು, ಕರಣೆ ಹಿಡಿದು, ಬಿರುಕುಗಳನ್ನು ಹುಡುಕಿ ಮುಚ್ಚಿದವಳು. ಗೋಡೆಗೆ ಅಂಗೈಯಿಟ್ಟರೆ ನೀರು ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆಯೆಂದು ಹೇಳಬಲ್ಲವಳು. ಆದರೆ ಅಂಗೈಗಿದ್ದ ತಾಳ್ಮೆ ಅಂಗಾಲಿಗಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಒಂದು ಕೆಲಸ ಒಣಗುವ ಮೊದಲೇ ಇನ್ನೊಂದಕ್ಕೆ ಓಡುತ್ತಿದ್ದಳು.

ಹೀಗೆ ಓಡುವಾಗಲೇ ಒಂದು ತೊಟ್ಟಿಯ ಅಂಚಿನಿಂದ ಜಾರಿ ಮಂಡಿಚಿಪ್ಪು ಒಡೆಯಿತು. ವೈದ್ಯರು ತಂತಿ ಬಿಗಿದು ಎಂಟು ವಾರ ಕೂರಿಸಿದರು. ಮೂರನೆಯ ವಾರದಲ್ಲಿ ತಂತಿ ತುಂಡಾಯಿತು. ಬಚ್ಚಲಲ್ಲಿ ಜಾರಿದೆ ಎಂದಳು, ಮನೆಯವರು ಮರುಪ್ರಶ್ನೆ ಹಾಕಲಿಲ್ಲ. ವೈದ್ಯರು ಎರಡನೆಯ ಸಲ ಮಂಡಿ ತೆರೆದು ತಂತಿ ಬಿಗಿದು, ಮತ್ತೆ ಮೊದಲಿನಿಂದ ಎಂಟು ವಾರ ಎಂದರು. ಇನ್ನೊಮ್ಮೆ ಹೀಗಾದರೆ ಈ ಕಾಲು ಕೋಲಿನ ಹಾಗೆ ನೆಟ್ಟಗೇ ಉಳಿಯುತ್ತದೆ, ಮಡಚುವ ಆಸೆ ಬಿಡಿ ಎಂದರು. ಮಡಚದ ಕಾಲಿನಿಂದ ಕುಕ್ಕರಗಾಲಿನಲ್ಲಿ ಕೂರಲಾಗದು. ಕೂರಲಾಗದವಳಿಗೆ ಈ ಕಸುಬಿಲ್ಲ. ಅದನ್ನು ಆಕೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಮುಳ್ಳಿನ ಮೇಲೆ ಕೂತವಳಂತೆ ಎರಡು ದಿನ ಕಳೆದಳು. ಮಗ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆ ಕಾಣುವವನು. ಮನೆಯಲ್ಲಿದ್ದವಳು ಸೊಸೆ, ಔಷಧಿ ಅಂಗಡಿಯ ಕೆಲಸಗಾತಿ. ಕೈ ಬಿಡುವಾದರೆ ಲ್ಯಾಪ್‌ಟಾಪಿನಲ್ಲಿ ಒಂದು ಕೋಟೆ ಕಟ್ಟುವ ಆಟ ಆಡುತ್ತಿದ್ದಳು. ಎಂಬತ್ತು ಮಂದಿ ಗಡ್ಡದ ಕುಳ್ಳರು ಬೆಟ್ಟದಡಿ ಕೊರೆದುಕೊಂಡು ಬದುಕುವ ಕೋಟೆ. ಮೂರನೆಯ ದಿನ ಅತ್ತೆ ಕತ್ತು ಚಾಚಿ ನೋಡಿ, ಇವರಿಗೆ ಉಂಡು ಕುಡಿದು ಮಲಗೋದು ಬಿಟ್ಟು ಬೇರೆ ಕಸುಬಿಲ್ಲವೇ ಎಂದು ಕೇಳಿದಳು. ಗಡ್ಡ ಬಿಟ್ಟಿದ್ದ ತನ್ನ ಗಂಡನನ್ನು ನೆನೆದು ಸೊಸೆ, "ನಮ್ಮನೆಯವರ ವಿಷಯ ಬಿಟ್ಟು ಬೇರೆ ಏನಾದ್ರೂ ಮಾತಾಡಿ ಅತ್ತೆ" ಎಂದಳು.

ಕೋಟೆಯ ಕಷ್ಟ ಬೇರೆಯೇ ಇತ್ತು. ಮಣ್ಣಿನಡಿ ಮೂರು ಅಂತಸ್ತಿನಷ್ಟು ದಪ್ಪದ ನೀರಿನ ಪದರ. ಅದರ ಕೆಳಗೆ ಒಣ ಕಲ್ಲು, ಕಬ್ಬಿಣ, ಎಲ್ಲ ಇದೆ, ಇಳಿಯುವ ದಾರಿಯಿಲ್ಲ. ಗುದ್ದಲಿ ತೇವಕ್ಕೆ ತಾಗಿದೊಡನೆ ಆಟ ತಾನಾಗಿ ನಿಂತು ಎಚ್ಚರಿಸುತ್ತಿತ್ತು. ಸೊಸೆ ಎರಡು ಸಲ ಕೊರೆಯಲು ಹೋಗಿ ಕೈಬಿಟ್ಟಿದ್ದಳು. "ನೀರನ್ನ ಕಂಡ್ರೆ ಓಡಿ ಹೋಗ್ತಾರೇನೇ?" ಎಂದು ಅತ್ತೆ ರೇಗಿಸಿದಾಗ, ಹಾಗಾದರೆ ನೀವೇ ಇಳಿಸಿ ಎಂದು ಸೊಸೆ ಕೋಟೆಯನ್ನು ಒಪ್ಪಿಸಿಬಿಟ್ಟಳು.

ಕ್ರಮ ಸರಳವಾಗಿತ್ತು, ನಿಧಾನದ್ದಾಗಿತ್ತು. ಒಂದು ಮೆಟ್ಟಿಲು ಇಳಿಯಬೇಕು. ಅದರ ಸುತ್ತ ಎಂಟು ಚೌಕಗಳಷ್ಟು ಮಣ್ಣು ತೆಗೆಯಬೇಕು. ತೆಗೆದಲ್ಲೆಲ್ಲ ಕಲ್ಲಿನ ಗೋಡೆ ಕಟ್ಟಿಸಬೇಕು. ಒಸರಿದ ನೀರು ಒಣಗುವವರೆಗೆ ಕಾದು ಆಮೇಲೆ ಮುಂದಿನ ಮೆಟ್ಟಿಲು. ನೀರಿನ ಆಳ ಒಂದರಿಂದ ಏಳರವರೆಗಿನ ಅಂಕಿಯಲ್ಲಿ ಕಾಣುತ್ತಿತ್ತು. ಏಳೆಂದರೆ ಮುಳುಗಿದ ಹಾಗೆ. ಸೊಸೆ ಎರಡು ಮಾತು ಸೇರಿಸಿದಳು. ಮುಚ್ಚುವಾಗ 'ಉಳಿಸು' ಎಂಬುದನ್ನು ಒತ್ತಬೇಕು, ಒತ್ತದಿದ್ದರೆ ಕೋಟೆ ಬೆಳಗ್ಗೆ ಇದ್ದಂತೆಯೇ ಇರುತ್ತದೆ. ಆದರೆ ತಪ್ಪು ಮುಚ್ಚಿಹಾಕಲು ತಾನು ಯಾವತ್ತೂ ಹಾಗೆ ಹಿಂದಕ್ಕೆ ಹೋಗಿಲ್ಲ. ಆದದ್ದು ಆಯಿತು, ಅದು ತನ್ನ ಕೋಟೆಯ ಕಟ್ಟಳೆ.

ಮೊದಲ ಅಂತಸ್ತು ಎರಡು ದಿನದಲ್ಲಿ ಒಣಗಿತು, ಎರಡನೆಯದು ಇನ್ನೊಂದು ವಾರಕ್ಕೆ. ತೇವದಕ್ಕನ ಬೆರಳು ಕುಣಿಯುತ್ತಿತ್ತು, ಕಣ್ಣು ಬಾಗಿಲಿಗೆ ಹೋಗಿ ಬರುತ್ತಿತ್ತು, ಆದರೂ ಕಾಲು ಸ್ಟೂಲಿನ ಮೇಲೇ ಇತ್ತು. ಮೂರನೆಯ ವಾರದ ಒಂದು ಮಧ್ಯಾಹ್ನ ಕಡೆಯ ಅಂತಸ್ತಿನಲ್ಲಿ ಕಸುಬಿನ ಬುದ್ಧಿ ತಲೆಯೆತ್ತಿತು. ನಿಜದ ಗೋಡೆಯಲ್ಲಿ ಒಸರುವ ನೀರನ್ನು ಒಮ್ಮೆಗೇ ಮುಚ್ಚಿದರೆ ಅದು ಹಸಿ ಸಿಮೆಂಟನ್ನು ಒದ್ದು ಹೊರಬರುತ್ತದೆ. ಅದಕ್ಕೇ ಒಂದು ನಳಿಕೆಯಿಟ್ಟು, ನೀರನ್ನು ಅದರಲ್ಲಿ ಹರಿಯಬಿಟ್ಟು, ಉಳಿದದ್ದೆಲ್ಲ ಗಟ್ಟಿಯಾದ ಮೇಲೆ ಆ ನಳಿಕೆಯನ್ನು ಮುಚ್ಚುವುದು ಆಕೆಯ ಪದ್ಧತಿ. ಇಲ್ಲಿಯೂ ಏಳು ಚೌಕಗಳಿಗೆ ಗೋಡೆ ಕಟ್ಟಿಸಿ, ಎಂಟನೆಯದನ್ನು ತೆರೆದಿಟ್ಟಳು. ಅದರಾಚೆ ಒಂದು ಹೆಜ್ಜೆಯಷ್ಟು ಗೂಡು ಕೊರೆಸಿದಳು, ನೀರು ಉಸಿರಾಡಲಿ ಎಂದು.

ಆಟದ ನೀರಿಗೆ ಉಸಿರಿನ ಹಂಗಿರಲಿಲ್ಲ. ಗೂಡಿನ ಗೋಡೆಗಳೆಲ್ಲ ಹಸಿ ಮಣ್ಣು. ಒಸರುವ ಬಾಯಿಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಅಂಕಿ ಒಂದಾಯಿತು, ಎರಡಾಯಿತು. ತಕ್ಷಣ ಎಂಟನೆಯ ಚೌಕವನ್ನು ಮುಚ್ಚಲು ಕುಳ್ಳರಲ್ಲಿ ಗೋಡೆ ಕಟ್ಟುವ ಗಾರೆಯವನಿಗೆ ಆಜ್ಞೆ ಕೊಟ್ಟಳು. ಅವನು ಕಲ್ಲು ಹೊತ್ತು ಇಳಿಯುತ್ತಿರುವಾಗಲೇ ಫೋನು ಬಂತು.

ಹದಿನೈದು ವರ್ಷ ಜೊತೆಯಲ್ಲಿ ಕೆಲಸ ಮಾಡಿದವನು, ಎಲ್ಲರೂ ಉದ್ದಣ್ಣ ಎನ್ನುವವನು. ನೆಲಮಾಳಿಗೆಯ ತೊಟ್ಟಿಯೊಂದಕ್ಕೆ ತೇಪೆ ಹಾಕಿದ್ದು ಮೂರು ಸಲವೂ ಉದುರಿದೆ, ಮನೆಯೊಡೆಯ ತಲೆಯ ಮೇಲೆ ನಿಂತಿದ್ದಾನೆ, ಇವತ್ತು ಆಗದಿದ್ದರೆ ಬೇರೆಯವರನ್ನು ಕರೆಸುತ್ತಾನಂತೆ. "ನೀವೇನೂ ಮಾಡೋದು ಬೇಡ ಅಕ್ಕ. ಬಂದು ಕುರ್ಚಿ ಮೇಲೆ ಕೂತು ಹೇಳಿದ್ರೆ ಸಾಕು. ಗಾಡಿ ಕಳಿಸ್ತೀನಿ."

ಕಳೆದ ಸಲವೂ ಕುರ್ಚಿಯ ಮಾತನ್ನೇ ನಂಬಿ ಹೋಗಿದ್ದಳು. ಕುರ್ಚಿಯಿಂದ ಏಣಿಗೆ ಹತ್ತು ನಿಮಿಷವೂ ಹಿಡಿದಿರಲಿಲ್ಲ. ಅದು ಗೊತ್ತಿದ್ದೂ ಊರುಗೋಲು ಕೈಗೆ ಬಂದಿತ್ತು. ಹಜಾರ ದಾಟಿ, ಗೋಡೆ ಹಿಡಿದು, ಬಾಗಿಲ ಬಳಿ ಚಪ್ಪಲಿಗಳನ್ನು ಊರುಗೋಲಿನ ತುದಿಯಿಂದ ಹೊರಮುಖ ಮಾಡಿಕೊಂಡಳು. ಒಳ್ಳೆಯ ಕಾಲನ್ನು ತೂರಿಸಿದಳು. ಆಟ ಓಡುತ್ತಲೇ ಇದೆಯಲ್ಲ ಎಂದು ಒಮ್ಮೆ ತಿರುಗಿ ನೋಡಿದಳು, ಅಷ್ಟೆ.

ಅಷ್ಟು ದೂರದಿಂದಲೂ ಗೋಡೆ ಮುಗಿದದ್ದು ಕಂಡಿತು. ಗಾರೆಯವನು ಮೆಟ್ಟಿಲ ಮೇಲಿರಲಿಲ್ಲ. ಎಲ್ಲಿ ಎಂದು ಕಣ್ಣು ಕಿರಿದಾಗಿಸಿ ಹುಡುಕಿದಳು. ಅವನು ಗೂಡಿನೊಳಗೆ ನಿಂತು, ನೀರಿನ ಕಡೆಯಿಂದ ಗೋಡೆ ಕಟ್ಟಿ, ತನ್ನನ್ನು ತಾನೇ ಮುಚ್ಚಿಕೊಂಡಿದ್ದ. ಅವನಿಗೆ ಕೆಲಸ ಮುಗಿಸುವ ಅವಸರವಿತ್ತು, ಎಲ್ಲಿ ನಿಂತಿದ್ದೇನೆ ಎಂಬ ಅರಿವಿರಲಿಲ್ಲ.

ಚಪ್ಪಲಿ ಅಲ್ಲೇ ಉಳಿಯಿತು. ಬಂದದ್ದಕ್ಕಿಂತ ಹಿಂದಿರುಗುವುದೇ ಕಷ್ಟವಾಯಿತು. ಮಂಡಿಯೊಳಗೆ ತಂತಿ ಚುಚ್ಚಿದಂತಾಗಿ ಎರಡು ಕಡೆ ನಿಲ್ಲಬೇಕಾಯಿತು. ಕೂತು ಆಟವನ್ನು ನಿಲ್ಲಿಸಿದಾಗ ಅಂಕಿ ನಾಲ್ಕು. ಗೋಡೆ ಕೆಡವಿದರೆ ನೀರು ಗುಂಡಿಗೆ ನುಗ್ಗುತ್ತದೆ, ಎರಡು ವಾರದ ಕೆಲಸ ಹೋಗುತ್ತದೆ. ಕೆಡವದಿದ್ದರೆ ಅವನು ಹೋಗುತ್ತಾನೆ. ಕೆಡವಲು ಹೇಳಿ ಆಟವನ್ನು ಮತ್ತೆ ಓಡಬಿಟ್ಟಳು. ಕೋಟೆಯ ಊಟದ ಮನೆಯಿಂದ ಇನ್ನೊಬ್ಬ ಕುಳ್ಳ ಎದ್ದು, ಕಾಲೆಳೆಯುತ್ತ ಹೊರಟ. ಐದು. ಅವನಿಗೆ ಓಡು ಎನ್ನುವ ಬಟನ್ ಎಲ್ಲಿಯೂ ಇರಲಿಲ್ಲ. ಕೈಕೈ ಹಿಸುಕಿಕೊಂಡು ಕೂರುವುದಷ್ಟೇ ಆಕೆಯ ಪಾಲಿಗಿದ್ದದ್ದು. ಆರು. ಗೋಡೆ ಬಿತ್ತು. ನೀರು ಮೆಟ್ಟಿಲಿಗೆ ಹರಡಿತು, ಅದರ ಜೊತೆಗೇ ಗಾರೆಯವನೂ ಹೊರಬಿದ್ದು, ಎದ್ದು, ಏನೂ ಆಗಿಲ್ಲವೆಂಬಂತೆ ಕುಡಿಯಲು ಹೋದ.

ಫೋನು ಮತ್ತೆ ಬಂತು. ಗಾಡಿ ಹೊರಟಿತಾ ಎಂದು ಕೇಳಿ, ಹೊರಟಿಲ್ಲವೆಂದು ತಿಳಿದು, ಬೇಡ ಎಂದಳು. ಉದ್ದಣ್ಣ ಏನೋ ಹೇಳಲು ಹೋದ.

"ನಳಿಕೆ ಇಟ್ಯಾ?"

ಇಟ್ಟಿಲ್ಲ ಅಕ್ಕ ಎಂದ.

"ಅದನ್ನ ಇಡು. ಉಳಿದದ್ದನ್ನ ನಾಳೆ ಮುಚ್ಚು. ನನ್ನನ್ನ ಕಾಯಬೇಡ."

ಗುಂಡಿಯಲ್ಲಿ ನೀರು ಮತ್ತೆ ಏರುತ್ತ ಹೋಯಿತು, ಕಡೆಯ ಅಂತಸ್ತು ಮುಳುಗಿತು. 'ಉಳಿಸು' ಒತ್ತದೆ ಮುಚ್ಚಿದ್ದರೆ ಎಲ್ಲವೂ ಬೆಳಗಿನಂತಾಗುತ್ತಿತ್ತು. ಊರುಗೋಲಿನಿಂದ ಚಪ್ಪಲಿಗಳನ್ನು ಒಳಮುಖ ಮಾಡಿದ್ದರೆ ಅದೂ ಬೆಳಗಿನಂತಾಗುತ್ತಿತ್ತು. ಒಂದು ಗಂಟೆ ಕಾಲ ಬೆರಳು ಆ ಎರಡು ಸುಲಭಗಳ ನಡುವೆ ಸುಳಿದಾಡಿತು. ಕೊನೆಗೆ 'ಉಳಿಸು' ಒತ್ತಿದಳು. ಚಪ್ಪಲಿಗಳನ್ನು ಮುಟ್ಟಲಿಲ್ಲ.

ಸಂಜೆ ಸೊಸೆ ಒಳಗೆ ಬಂದಳು. ಚಪ್ಪಲಿ ನೋಡಿದಳು. ಪರದೆ ನೋಡಿದಳು. ಆಮೇಲೆ ಸ್ಟೂಲಿನ ಬಳಿ ಕೂತು ಮಂಡಿಯ ಪಟ್ಟಿಯನ್ನು ಮೆಲ್ಲಗೆ ಒತ್ತಿ, ಊತವಿದೆಯೇ ಎಂದು ಪರೀಕ್ಷಿಸಿದಳು.

"ಎದ್ದಿದ್ರಾ?"

"ಬಾಗಿಲ ತನಕ. ಗಾರೆಯವನನ್ನ ಗೂಡಲ್ಲಿ ಮುಚ್ಚಿಬಿಟ್ಟಿದ್ದೆ, ವಾಪಸ್ ಬಂದೆ." ಊರುಗೋಲನ್ನು ಪಕ್ಕಕ್ಕಿಟ್ಟು, "ಕಳೆದ ಸಲ ಬಚ್ಚಲಲ್ಲಿ ಜಾರಿದ್ದಲ್ಲ" ಎಂದಳು.

"ಗೊತ್ತು. ಪಟ್ಟಿ ಬಿಚ್ಚಿದಾಗ ಒಳಗೆಲ್ಲ ಸಿಮೆಂಟ್ ಪುಡಿ ಇತ್ತು. ನಮ್ಮ ಬಚ್ಚಲಲ್ಲಿ ಸಿಮೆಂಟ್ ಎಲ್ಲಿಂದ ಬರ್ಬೇಕು ಅತ್ತೆ?"

ಮತ್ತೇಕೆ ಹೇಳಲಿಲ್ಲ ಎಂದು ಅತ್ತೆ ಕೇಳಿದಳು. ನೀವು ಹೇಳಲಿ ಎಂದು ಕಾಯುತ್ತಿದ್ದೆ ಎಂದಳು ಸೊಸೆ. ಅಷ್ಟು ದಿನ ಒಬ್ಬರು ಹೇಗೆ ಕಾಯಬಹುದು ಎಂಬುದು ತೇವದಕ್ಕನಿಗೆ ಅರ್ಥವಾಗಲಿಲ್ಲ.

ಊತವಿರಲಿಲ್ಲ. ನಾಳೆ ವೈದ್ಯರಿಗೆ ತೋರಿಸುವುದು ಎಂದಾಯಿತು. ಮುಳುಗಿದ ಗುಂಡಿಯಿಂದ ಹತ್ತು ಚೌಕ ಆಚೆಗೆ ಸೊಸೆ ಹೊಸ ಮೆಟ್ಟಿಲಿನ ಗುರುತು ಹಾಕಿ ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಳ್ಳಿದಳು. ಇನ್ನು ಐದು ವಾರ. ತೇವದಕ್ಕ ಒಂದು ಮೆಟ್ಟಿಲು ಇಳಿಸಿದಳು, ಸುತ್ತ ಎಂಟು ಚೌಕ ಅಗೆಸಿದಳು, ಈ ಸಲ ಎಂಟಕ್ಕೂ ಗೋಡೆ ಹೇಳಿದಳು. ಗಾರೆಯವನು ಎಲ್ಲಿ ನಿಂತು ಕಟ್ಟುತ್ತಾನೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಕೂತಳು. ಸ್ಟೂಲಿನ ಮೇಲೆ ಚಾಚಿದ ಕಾಲಿನ ಬೆರಳುಗಳು ಮಾತ್ರ ಒಂದು ಕ್ಷಣವೂ ಸುಮ್ಮನಿರಲಿಲ್ಲ.