ಜ್ಯೋತಿಲಕ್ಷ್ಮಿಗಾಗಿ ಆನೆ ಸರಿದದ್ದು

ಕುರುಬರಹಳ್ಳಿಯ ಜ್ಯೋತಿಲಕ್ಷ್ಮಿ ಆ ಸುತ್ತಿನ ಎಷ್ಟೋ ಮನೆಗಳ ಲಗ್ನಪತ್ರಿಕೆಗೆ ಅಕ್ಷರ ಜೋಡಿಸಿದವಳು. ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಅವಳ ಕೆಲಸ. ಯಾವ ಛತ್ರ ಯಾವ ಅಡ್ಡರಸ್ತೆಯಲ್ಲಿದೆ, ಯಾವುದರ ಊಟದ ಹಾಲ್ ನೆಲಮಾಳಿಗೆಯಲ್ಲಿದೆ, ಎಲ್ಲಾ ಅವಳಿಗೆ ಬಾಯಿಪಾಠ. ಆದರೆ ಒಳಗೆ ಕಾಲಿಟ್ಟು ನೋಡಿದ ಛತ್ರಗಳು ಕಡಿಮೆ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗೋಡೆಯಿಲ್ಲದ ತಾರಸಿಯ ಅಂಚಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಅಪ್ಪ ನಾರಾಯಣಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದವರು. ಶಿಫ್ಟಿಗೆ ಹೋಗುವ ಮುಂಚೆ ಮಗಳನ್ನು ಬೆನ್ನ ಮೇಲೆ ಹೊತ್ತು ಶಾಲೆಯ ಮಹಡಿ ಹತ್ತಿಸುತ್ತಿದ್ದರು. ಸಂಜೆ ಇಳಿಸಿಕೊಳ್ಳಲು ತಾಯಿ ಅಂಜಮ್ಮ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಹಾಗೇ ಹೈಸ್ಕೂಲು ಮುಗಿಯಿತು. ಕಾಲೇಜಿನ ಹೊತ್ತಿಗೆ ಒಳ್ಳೆಯ ಗಾಲಿಕುರ್ಚಿ ಬಂತು. ಸಂಬಳ ಬರತೊಡಗಿದ ಮೇಲೆ ಕುರ್ಚಿಯ ಮುಂದಕ್ಕೆ ಸಿಕ್ಕಿಸುವ ಬ್ಯಾಟರಿ ಚಕ್ರವನ್ನು ಅವಳೇ ಕೊಂಡಳು. ಅಂದಿನಿಂದ ಆಟೋ, ಬೈಕುಗಳ ನಡುವೆ ಹಾರನ್ ಒತ್ತಿಕೊಂಡು ಅವಳು ಒಬ್ಬಳೇ ಕೆಲಸಕ್ಕೆ ಹೋಗಿಬರುತ್ತಿದ್ದಳು. ಬೀದಿಯಲ್ಲಿ ಅವಳಿಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಮೆಟ್ಟಿಲುಗಳದ್ದು.

ಅದಕ್ಕೆ ಕಾರಣವಿತ್ತು. ಕೆಂಗೇರಿಯಲ್ಲಿ ಚಿಕ್ಕಪ್ಪನ ಮಗಳ ರಿಸೆಪ್ಷನ್ನಿಗೆ ಹೋದಾಗ, ಗುರುತಿಲ್ಲದ ನಾಲ್ಕು ಹುಡುಗರು ಕೇಳದೆ ಮಾಡದೆ ಅವಳ ಕುರ್ಚಿಯನ್ನು ಎತ್ತಿಬಿಟ್ಟಿದ್ದರು. ಅರ್ಧ ಮೆಟ್ಟಿಲಲ್ಲಿ ಕುರ್ಚಿ ವಾಲಿತು. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿತು. ಬಿಡಿಸಲು ಬಂದವರ ಕೈ ಎಲ್ಲೆಲ್ಲೋ ತಾಗಿತು. ಊಟ ಮುಗಿಯುವತನಕ ಅವಳು ನಗುತ್ತಲೇ ಇದ್ದಳು. ಆಮೇಲೆ ಯಾರ ಮದುವೆಗೂ ಹೋಗಲಿಲ್ಲ. ಉಡುಗೊರೆ ಕಳಿಸಿ ಸುಮ್ಮನಾಗುತ್ತಿದ್ದಳು.

ಈಗ ಅವಳ ಮದುವೆಯೇ ಬಂದಿತ್ತು. ಹುಡುಗ ಅತ್ತಿಗುಪ್ಪೆಯ ರವಿಕುಮಾರ್, ವಿಜಯನಗರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ತಂಗಿಯ ಲಗ್ನಪತ್ರಿಕೆ ಮಾಡಿಸಲು ಪ್ರೆಸ್ಸಿಗೆ ಬಂದವನು, ಕರಡಿನಲ್ಲಿ ತನ್ನ ತಾತನ ಹೆಸರಿನ ಒತ್ತಕ್ಷರ ತಪ್ಪಿದೆಯೆಂದು ಜಗಳ ತೆಗೆದಿದ್ದ. ತಪ್ಪಿಲ್ಲವೆಂದು ಅವಳು ತೋರಿಸಿಕೊಟ್ಟಳು. ಪತ್ರಿಕೆ ಹಂಚಿ ಮುಗಿದ ಮೇಲೂ ಅವನು ಬರುವುದನ್ನು ನಿಲ್ಲಿಸಲಿಲ್ಲ. ಅವನ ತಾಯಿ ಚಿಕ್ಕಗಂಗಮ್ಮ ಮೊದಮೊದಲು ಬೇಡವೇ ಬೇಡ ಅಂದಿದ್ದಳು. ಒಂದು ಭಾನುವಾರ ಜ್ಯೋತಿಲಕ್ಷ್ಮಿ ತಾನೇ ಮಾಡಿದ ಬಸ್ಸಾರು ತೆಗೆದುಕೊಂಡು ಹೋಗಿ ಮಧ್ಯಾಹ್ನವೆಲ್ಲಾ ಜೊತೆಗೆ ಕೂತು ಮಾತಾಡಿಬಂದ ಮೇಲೆ, ಮಗನಿಗಿಂತ ಈ ಹುಡುಗಿಯೇ ವಾಸಿ ಅನ್ನತೊಡಗಿದಳು.

ತೊಡಕು ಬಂದದ್ದು ಛತ್ರದಲ್ಲಿ. ಇಬ್ಬರೂ ಸೇರಿ ರಾಜಾಜಿನಗರ, ವಿಜಯನಗರವೆಲ್ಲಾ ಸುತ್ತಿದರು. ಎಲ್ಲ ಕಡೆ ಮುಂಬಾಗಿಲಿಗೆ ಮೆಟ್ಟಿಲು, ಮಂಟಪಕ್ಕೂ ಮೆಟ್ಟಿಲು. ನಾಲ್ಕು ಜನ ಎತ್ತಿದರೆ ಆಯಿತು, ಅದೇನು ದೊಡ್ಡ ವಿಷಯ ಎಂದು ಮ್ಯಾನೇಜರುಗಳೆಲ್ಲಾ ಒಂದೇ ಮಾತು ಹೇಳಿದರು. ಮನೆಯಲ್ಲೂ ಅದೇ ಮಾತು. ಹೇಗೂ ಹುಡುಗಿಯನ್ನು ಸೋದರಮಾವ ಎತ್ತಿಕೊಂಡು ಹಸೆಮಣೆಗೆ ತರುವುದು ತಮ್ಮಲ್ಲಿ ಶಾಸ್ತ್ರ ತಾನೇ ಎಂದು ಅಂಜಮ್ಮ ಸಮಾಧಾನ ಮಾಡಲು ಬಂದಳು.

"ಶಾಸ್ತ್ರಕ್ಕೆ ಎತ್ಕೊಳೋದು ಬೇರೆ ಕಣಮ್ಮ, ದಾರಿ ಇಲ್ಲ ಅಂತ ಎತ್ಕೊಳೋದು ಬೇರೆ," ಅಂದಳು ಜ್ಯೋತಿಲಕ್ಷ್ಮಿ. "ನನ್ನ ಮದುವೆಗೆ ನಾನೇ ಹೋಗ್ತೀನಿ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನಾರಾಯಣಪ್ಪ ತಲೆ ಎತ್ತದೆಯೇ ಕೇಳಿದರು: "ನಾನು ಹೊತ್ಕೊಂಡು ತಿರುಗಿದ್ದು ನಿಂಗೆ ಅಷ್ಟು ಕಷ್ಟ ಆಗಿತ್ತಾ?"

ಅವಳು ಕುರ್ಚಿಯನ್ನು ಅವರ ಹತ್ತಿರಕ್ಕೆ ತಂದಳು. ಕೆಂಗೇರಿಯಲ್ಲಿ ಆದದ್ದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಅಂದು ಹೇಳಿದಳು. "ನೀನು ಹೊತ್ತಾಗ ನಂಗೆ ಭಯ ಇರ್ಲಿಲ್ಲ ಅಪ್ಪ. ಆದ್ರೆ ಊರೋರೆಲ್ಲಾ ನನ್ನಪ್ಪ ಅಲ್ವಲ್ಲ."

ನಾರಾಯಣಪ್ಪ ಪೇಪರ್ ಮಡಚಿಟ್ಟು ಎದ್ದು ಹೊರಗೆ ಹೋದರು. ಕೋಪವೋ ಸಂಕಟವೋ ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಜ್ಯೋತಿಲಕ್ಷ್ಮಿ ಬಸವೇಶ್ವರನಗರದ ಛತ್ರವೊಂದರ ಮಾಲೀಕ ಸೋಮಲಿಂಗಪ್ಪನವರ ಮುಂದೆ ಕೂತಿದ್ದಳು. ಛತ್ರ ಹಳೆಯದು, ಅಚ್ಚುಕಟ್ಟಾಗಿತ್ತು. ಮುಂದಿನ ಮೆಟ್ಟಿಲ ಎರಡೂ ಬದಿಗೆ ಸಿಮೆಂಟಿನ ಆನೆಗಳು ಸೊಂಡಿಲೆತ್ತಿ ನಿಂತಿದ್ದವು. ಆನೆಗಳೆಂದರೆ ಸೋಮಲಿಂಗಪ್ಪನವರಿಗೆ ಪ್ರಾಣ. ಅವಳು ಇಳಿಜಾರು ದಾರಿಯ ಮಾತೆತ್ತಿದಾಗ ಅವರು ಬಹಳ ಮರ್ಯಾದೆಯಿಂದ, ಹಿಂದುಗಡೆ ಅಡುಗೆಮನೆಯ ಬಾಗಿಲಿಗೆ ಸಪಾಟಾದ ದಾರಿ ಇದೆಯಮ್ಮ, ಅಲ್ಲಿಂದ ಬನ್ನಿ ಎಂದರು.

"ಮದುಮಗಳು ಗ್ಯಾಸ್ ಸಿಲಿಂಡರ್ ಬರೋ ದಾರೀಲಿ ಬರ್ಬೇಕಾ ಸಾರ್?"

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ವಯಸ್ಸಾದವರು ಎಷ್ಟು ಜನ ಕಾರಿನಲ್ಲೇ ಕೂತು ಅಕ್ಷತೆ ಕೊಟ್ಟು ಕಳಿಸುತ್ತಾರೆ, ಮಂಡಿ ನೋವಿನವರು ಎಷ್ಟು ಜನ ಬರುವುದನ್ನೇ ಬಿಟ್ಟಿದ್ದಾರೆ, ಕುರ್ಚಿಗಳನ್ನೂ ಹೂವಿನ ಚೌಕಟ್ಟುಗಳನ್ನೂ ಮೆಟ್ಟಿಲ ಮೇಲೆ ಎತ್ತಿ ಎತ್ತಿ ಕೆಲಸದವರ ಸೊಂಟ ಏನಾಗಿದೆ, ಎಲ್ಲವನ್ನೂ ಕೇಳಿದಳು. ಹೌದೆಂದು ಅವರಿಗೂ ಗೊತ್ತಿತ್ತು. ಕೊನೆಗೆ ಮಾಡಿಸುತ್ತೇನೆ ಅಂದರು. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಕೆಳಗೆ ಅವಳು ಒಂದು ಸಾಲು ಸೇರಿಸಿದಳು: "ಮುಂಬಾಗಿಲಿಗೂ ಮಂಟಪಕ್ಕೂ ಮೆಟ್ಟಿಲಿಲ್ಲದ ದಾರಿಯಿದೆ, ಎಲ್ಲರೂ ಬನ್ನಿ." ಅಕ್ಷರ ಜೋಡಿಸುವಾಗ ಅವಳ ಎದೆ ಉಬ್ಬಿತ್ತು.

ಆದರೆ ಪತ್ರಿಕೆ ಹಂಚಲು ಶುರುವಾದ ಮೇಲೆ ನೋಡಿದರೆ, ಮೇಸ್ತ್ರಿ ಆನೆಗೂ ಗೋಡೆಗೂ ನಡುವೆ ಉಳಿದಿದ್ದ ಜಾಗದಲ್ಲೇ ಜಾರುಬಂಡೆಯಂಥದ್ದೊಂದನ್ನು ಕಟ್ಟಿ ಕೈ ತೊಳೆದುಕೊಂಡಿದ್ದ. ಜ್ಯೋತಿಲಕ್ಷ್ಮಿ ಚಕ್ರಕ್ಕೆ ಕೈ ಹಾಕಿ ಹತ್ತಲು ನೋಡಿದಳು. ಅರ್ಧಕ್ಕೆ ಕುರ್ಚಿಯ ಮುಂಭಾಗ ಮೇಲೆದ್ದಿತು. ರವಿಕುಮಾರ್ ಹಿಂದಿನಿಂದ ಹಿಡಿಯದಿದ್ದರೆ ಮಗುಚಿಬೀಳುತ್ತಿತ್ತು. ಆನೆ ತೆಗೆಯದೆ ಇನ್ನು ಜಾಗವಿಲ್ಲ, ಆನೆ ಮಾತ್ರ ತೆಗೆಯಬೇಡಿ ಎಂದು ಸೋಮಲಿಂಗಪ್ಪ ಕೈ ಮುಗಿದರು. ಅಂದು ಮನೆಗೆ ಬಂದವಳು ಊಟ ಮಾಡಲಿಲ್ಲ.

ಬೆಳಿಗ್ಗೆ ನಾರಾಯಣಪ್ಪ ಅಳತೆಯ ಟೇಪು, ಸೀಮೆಸುಣ್ಣ, ಸಮತಟ್ಟು ನೋಡುವ ರಸಮಟ್ಟ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡಿ, ನಿನ್ನ ದಾರಿ ಎಷ್ಟು ಉದ್ದ ಬೇಕು ಅಂತ ನೀನೇ ಹೇಳು," ಅಂದರು.

ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂದು ಅವಳು ಹೇಳಿದಳು. ಅವರು ಅಂಗಳದಲ್ಲಿ ಗೆರೆ ಎಳೆದರು. ನೇರವಾಗಿ ಎಳೆದರೆ ದಾರಿ ಗೇಟಿನಾಚೆ ರಸ್ತೆಗೇ ಹೋಗುತ್ತಿತ್ತು. ಗೋಡೆಯ ಗುಂಟ ತಿರುಗಿಸಿದರೆ ಹಿಡಿಸುತ್ತಿತ್ತು. ತಿರುವಿಗೆ ಎಡಗಡೆಯ ಆನೆ ಅಡ್ಡವಿತ್ತು. ಆನೆಯನ್ನು ಒಡೆಯುವುದೇ ಬೇಡ, ಬುಡ ಬಿಡಿಸಿ ಗೇಟಿನ ಹತ್ತಿರಕ್ಕೆ ಸರಿಸೋಣ, ಬಲಗಡೆಯದನ್ನೂ ಸರಿಸಿದರೆ ಆನೆಗಳ ಜೋಡಿ ಬಂದವರನ್ನು ಗೇಟಿನಲ್ಲೇ ಎದುರುಗೊಳ್ಳುತ್ತದೆ ಎಂದು ನಾರಾಯಣಪ್ಪ ಸೂಚಿಸಿದರು. ಸೋಮಲಿಂಗಪ್ಪ ಗೇಟಿಗೂ ಮೆಟ್ಟಿಲಿಗೂ ಓಡಾಡಿದರು. ಕೊನೆಗೆ ಅವರ ಮುಖ ಅರಳಿತು. ಹಳೆಯ ಕಾರ್ಖಾನೆಯ ಗೆಳೆಯರನ್ನು ಕರೆತಂದು, ಸರಪಳಿ ರಾಟೆ ಕಟ್ಟಿ, ನಾರಾಯಣಪ್ಪ ಎರಡೂ ಆನೆಗಳನ್ನು ಒಂದು ಕಿವಿಯೂ ಮುಕ್ಕಾಗದಂತೆ ಸರಿಸಿದರು. ಇಳಿಜಾರು ಕಟ್ಟುವಷ್ಟು ದಿನವೂ ಮೇಸ್ತ್ರಿಯ ಪಕ್ಕದಲ್ಲೇ ನಿಂತಿದ್ದರು. ಮಂಟಪಕ್ಕೆ ಹತ್ತಲು ಕಬ್ಬಿಣದ ಹಲಗೆಯನ್ನು ಬೆಸುಗೆ ಹಾಕಿಸಿ, ಜಾರದಂತೆ ಮೇಲೆ ರಬ್ಬರು ಹಾಸಿಸಿದರು.

ಮದುವೆಯ ದಿನ ಜ್ಯೋತಿಲಕ್ಷ್ಮಿ ಬಾಳೆಕಂಬದ ನಡುವೆ, ಓಲಗದವರ ಹಿಂದೆ, ಧಾರೆ ಸೀರೆಯ ನೆರಿಗೆ ಕೆಡದಂತೆ ಮಡಿಲಲ್ಲಿಟ್ಟುಕೊಂಡು, ತನ್ನ ಕೈಯಿಂದಲೇ ಚಕ್ರ ತಳ್ಳಿಕೊಂಡು ಮೇಲೆ ಹೋದಳು. ತಿರುವಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ತಳ್ಳಲಾ ಎಂದು ಸೋದರಮಾವ ಕೇಳಿದ. ಬೇಡ ಮಾವ ಅಂದಳು. ಶಾಸ್ತ್ರ ತಪ್ಪಬಾರದೆಂದು ಮಂಟಪದಲ್ಲಿ ಅವಳನ್ನು ಕುರ್ಚಿಯಿಂದ ಹಸೆಮಣೆಗೆ ಅವನೇ ಎತ್ತಿ ಕೂರಿಸಿದ. ಅದನ್ನು ಅವಳು ಸಂತೋಷದಿಂದಲೇ ಒಪ್ಪಿಕೊಂಡಳು. ಸಪ್ತಪದಿ ಹೇಗೆಂದು ಚಿಕ್ಕಗಂಗಮ್ಮನಿಗೆ ಮೊದಲಿಂದಲೂ ಚಿಂತೆಯಿತ್ತು. ಹೆಜ್ಜೆ ಇಡುವುದು ಮನಸ್ಸು ತಾಯಿ ಎಂದು ಪುರೋಹಿತರು ಹೇಳಿ, ಅಕ್ಕಿಯ ರಾಶಿಗಳನ್ನು ಚಕ್ರದ ದಾರಿಗೆ ಸರಿಯಾಗಿ ಜೋಡಿಸಿದರು.

ಪತ್ರಿಕೆಯ ಸಾಲನ್ನು ಜನ ಓದಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಮನೆ ಬಿಟ್ಟು ಹೊರಡದಿದ್ದ ರವಿಕುಮಾರನ ದೊಡ್ಡಮ್ಮ ರಾಮಕ್ಕ, ಕೋಲೂರಿಕೊಂಡು ಇಳಿಜಾರಿನ ಪಕ್ಕದ ಕಂಬಿ ಹಿಡಿದು ತಾನೇ ಹತ್ತಿಬಂದಳು. ಎಲ್ಲರ ಜೊತೆ ಎಲೆಯ ಮುಂದೆ ಕೂತು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಳು. ನಾರಾಯಣಪ್ಪ ಪಂಕ್ತಿಯ ನಡುವೆ ತುಪ್ಪ ಬಡಿಸುತ್ತಾ ಓಡಾಡುತ್ತಿದ್ದರು.

ಕೆಲವು ತಿಂಗಳ ಮೇಲೆ ಸೋಮಲಿಂಗಪ್ಪ ಫೋನು ಮಾಡಿದರು. ಆ ದಾರಿ ನೋಡಿಯೇ ಜನ ಛತ್ರ ಹಿಡಿಯುತ್ತಿದ್ದಾರೆ, ಆದರೆ ಟಾಯ್ಲೆಟ್ ಬಾಗಿಲು ಕಿರಿದಾಯಿತೆಂದು ಯಾರೋ ಹೇಳಿಹೋದರು, ಒಮ್ಮೆ ಬಂದು ನೋಡುತ್ತೀರಾ ಎಂದು ಕೇಳಿದರು.

"ಶನಿವಾರ ಬರ್ತೀನಿ ಸಾರ್," ಅಂದಳು ಜ್ಯೋತಿಲಕ್ಷ್ಮಿ. "ಈ ಸಲ ಮೇಸ್ತ್ರಿನೂ ಇರ್ಲಿ. ಬಾಗಿಲು ಹೊರಗಡೆಗೆ ತೆರೀಬೇಕು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ."