ಕಾಡವ್ವನ ಉಗುರು

ಉಗರಗೋಳದ ಬಳೆಯಂಗಡಿಗಳ ಸಾಲಿನಲ್ಲಿ ಕಾಡವ್ವನ ಕೈಗೆ ಒಂದು ಹೆಸರಿತ್ತು. ಎಲ್ಲವ್ವನ ಗುಡ್ಡದ ದರ್ಶನ ಮುಗಿಸಿ ಇಳಿದು ಬಂದ ಹೆಂಗಸರು ನಾಲ್ಕಾರು ಅಂಗಡಿ ದಾಟಿ, "ನೋವಾಗದಂಗ ಬಳಿ ಇಡೋ ಬಾಯಾರು ಎಲ್ಲಿ ಕುಂದರತಾರ್ರಿ?" ಎಂದು ಕೇಳಿಕೊಂಡು ಬರುತ್ತಿದ್ದರು. ಕಳೆ ಕಿತ್ತು, ಹತ್ತಿ ಬಿಡಿಸಿ ಕೊರಡಿನಂತಾದ ಕೈಯಾದರೂ ಸರಿ, ಕಾಡವ್ವ ಅದನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಹೆಬ್ಬೆರಳಿನ ಬುಡವನ್ನು ಹಿಟ್ಟು ನಾದಿದಂತೆ ನಾದುತ್ತಿದ್ದಳು. "ನಿಮ್ಮೂರಾಗ ಮಳಿ ಹೆಂಗೈತ್ರಿ?" ಎಂದು ಮಾತಿಗೆ ಹಚ್ಚುತ್ತಿದ್ದಳು. ಅವರು ಮಳೆಯ ಸುದ್ದಿ ಹೇಳಿ ಮುಗಿಸುವುದರೊಳಗೆ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಆ ಕೆಲಸಕ್ಕೆ ಉಗುರು ಇರಬಾರದು. ಗಿರಾಕಿಯ ಕೈಗೆ ಒಂದು ಗೀರು ಬಿದ್ದರೂ ಅಂಗಡಿಯ ಹೆಸರು ಕೆಟ್ಟಂತೆ. ತೊರಗಲ್ಲಿನಿಂದ ಮದುವೆಯಾಗಿ ಬಂದ ಮರುದಿನವೇ ಅತ್ತೆ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಬ್ಲೇಡು ಹಿಡಿದು ಹತ್ತೂ ಬೆರಳಿನ ಉಗುರನ್ನು ಚರ್ಮದ ಮಟ್ಟಕ್ಕೆ ತೆಗೆದಿದ್ದಳು. "ಬಳಿಗಾರರ ಮನಿಗೆ ಬಂದಿ. ಇಲ್ಲೆ ಉಗರು ಬೆಳಸಂಗಿಲ್ಲವಾ" ಎಂದಿದ್ದಳು. ಅಂದಿನಿಂದ ಕಾಡವ್ವ ತನ್ನ ಉಗುರಿನ ಬಿಳಿ ಅಂಚನ್ನೇ ಕಂಡವಳಲ್ಲ. ಮಕ್ಕಳಾಗಲಿಲ್ಲ. ಅತ್ತೆ ಮಾವ ಹೋದರು. ಗಂಡ ನಿಜಗುಣಪ್ಪ ಬೈಲಹೊಂಗಲದ ಪೇಟೆಯಿಂದ ಮಾಲು ತರುತ್ತಿದ್ದ, ಹೆಂಡತಿ ಬಳೆ ಇಡುತ್ತಿದ್ದಳು. ಹೀಗೇ ಇಬ್ಬರ ತಲೆಯೂ ಬೆಳ್ಳಗಾಗತೊಡಗಿತು.

ಒಂದು ಶ್ರಾವಣದಲ್ಲಿ ಮಾಲು ತರಲು ಬಸ್ಸು ಹತ್ತಿದ ನಿಜಗುಣಪ್ಪ ತಿರುಗಿ ಬರಲಿಲ್ಲ. ಮುರಗೋಡ ದಾಟುವಾಗ ಬಾಟಲಿ ಎತ್ತಿ ನೀರು ಕುಡಿದಿದ್ದನಂತೆ. ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರೂ ಇವನು ಕಿಟಕಿಗೆ ತಲೆ ಆನಿಸಿಕೊಂಡೇ ಕುಳಿತಿದ್ದ. ನಿದ್ದೆ ಹತ್ತಿದೆ ಎಂದುಕೊಂಡು ಕಂಡಕ್ಟರ್ ಹೆಗಲು ಅಲುಗಿಸಿದ.

ಮೈದುನ ವಿರೂಪಾಕ್ಷ ಫೋನು ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಓಡಿ ಬಂದಾಗ ಕಾಡವ್ವ ಸಾಂಗ್ಲಿ ಕಡೆಯ ಹೆಂಗಸೊಬ್ಬಳಿಗೆ ಹಸಿರು ಬಳೆ ಇಡುತ್ತಿದ್ದಳು.

"ವೈನಿ, ಅಣ್ಣ ಹ್ವಾದನರಿ" ಎಂದ ವಿರೂಪಾಕ್ಷ.

ಕಾಡವ್ವ ಅವನ ಮುಖ ನೋಡಿದಳು. ಹೆಂಗಸಿನ ಒಂದು ಕೈಗೆ ಬಳೆ ಇಟ್ಟು ಮುಗಿದಿತ್ತು, ಇನ್ನೊಂದರಲ್ಲಿ ಅರ್ಧ ಆಗಿತ್ತು. ಕಾಡವ್ವ ಉಳಿದ ಬಳೆಗಳನ್ನೂ ಒಂದೊಂದಾಗಿ ಇಟ್ಟು, ಪದ್ಧತಿಯಂತೆ ಆ ಕೈಗೆ ನಮಸ್ಕಾರ ಮಾಡಿ, ಆಮೇಲೆ ಎದ್ದಳು. ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಏನಾಯಿತೆಂದು ತಿಳಿಯದೆ ನಕ್ಕು ಹೋದಳು.

ಇದನ್ನು ಓಣಿಯವರು ಬಹಳ ದಿನ ಆಡಿಕೊಂಡರು. ಕಾಡವ್ವನಾದರೂ ಏನು ಹೇಳಿಯಾಳು? ಅರ್ಧ ಇಟ್ಟ ಕೈ ಬಿಟ್ಟು ಏಳುವ ರೂಢಿ ಅವಳಿಗೆ ಇರಲಿಲ್ಲ, ಅಷ್ಟೆ. ಅವಳ ಬಳೆ ಒಡೆಯಲು ಹಿರಿಯ ಹೆಂಗಸರು ಕಲ್ಲು ತಂದಾಗಲೂ ಹಾಗೇ ಆಯಿತು. ಅವರು ಕೂರುವುದರೊಳಗೆ ಅವಳೇ ಹೆಬ್ಬೆರಳು ಮಡಚಿ ಎಲ್ಲವನ್ನೂ ಇಡಿಯಾಗಿ ಕಳಚಿ ನೆಲಕ್ಕಿಟ್ಟಿದ್ದಳು. ಒಂದೂ ಚೂರಾಗಿರಲಿಲ್ಲ. ಮಾತಾಡಿಸಲು ಬಂದ ಮುದುಕಿ ಕೃಷ್ಣವ್ವ, "ನಮ್ಮ ಎಲ್ಲವ್ವ ತಾಯಿಗೂ ತಪ್ಪಲಿಲ್ಲ ನೋಡವಾ, ಗಂಡ ಹ್ವಾದ ಅಂತ ವರ್ಷಾ ಅಕಿ ಬಳೀನೂ ಒಡೀತಾರ" ಎಂದು ಸಮಾಧಾನ ಹೇಳಿದಳು.

"ಅಕಿಗೆ ಭಾರತ ಹುಣ್ಣಿಮಿಗೆ ಮತ್ತ ಇಡತಾರ್ರಿ" ಎಂದಳು ಕಾಡವ್ವ. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಯಾರೋ ದಪ್ಪನೆಯ ಕೌದಿಯೊಂದನ್ನು ತಲೆಯ ಮೇಲಿಂದ ಹೊಚ್ಚಿದಂತೆ ಅವಳಿಗೆ ಎಲ್ಲರ ದನಿಯೂ ದೂರದಿಂದ ಕೇಳುತ್ತಿತ್ತು.

ದಿನಕರ್ಮ ಮುಗಿದ ಮೇಲೆ ವಿರೂಪಾಕ್ಷನ ಹೆಂಡತಿ ಅನ್ನಪೂರ್ಣಾ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಳು. "ಅಕ್ಕಾ, ಅಂಗಡ್ಯಾಗ ಸದ್ಯಕ್ಕ ನಾ ಕುಂದರತೇನಿ. ಬಂದ ಮಂದಿ ದೇವರ ಬಳಿ ಇಟಗೊಳ್ಳೋರು. ಒಬ್ಬೊಬ್ಬರ ಮನಸ್ಸು ಒಂದೊಂದ ಥರ ಇರತೈತಿ."

"ಕುಂದರ" ಎಂದಳು ಕಾಡವ್ವ.

ಹಾಗೆ ಕೆಲಸ ಬಿಟ್ಟಿತು. ಮುಂಜಾನೆ ರೊಟ್ಟಿ ಬಡಿಯುವುದು, ಭಾಂಡೆ ತಿಕ್ಕುವುದು, ಹಿತ್ತಲ ಬಾಗಿಲಲ್ಲಿ ಕೂರುವುದು. ಒಂದು ದಿನ ಹಿಟ್ಟು ನಾದಿ ಕೈ ತೊಳೆದರೂ ಬೆರಳ ತುದಿಯಲ್ಲಿ ಬೆಳ್ಳಗೆ ಏನೋ ಉಳಿದಿತ್ತು. ನೋಡಿದರೆ ಉಗುರಿನೊಳಗೆ ಜೋಳದ ಹಿಟ್ಟು ಕುಳಿತಿದೆ. ಉಗುರು ಬೆಳೆದಿದ್ದವು. ಬ್ಲೇಡು ಹುಡುಕಿ ತಂದಳು. ತಂದವಳು ಬೆಳಕಿಗೆ ಕೈ ಹಿಡಿದು ನೋಡಿದಳು, ಯಾರದೋ ಕೈ ನೋಡಿದಂತೆ. ಆಮೇಲೆ ಬ್ಲೇಡನ್ನು ಇದ್ದಲ್ಲೇ ಇಟ್ಟು ಬಂದಳು. ಯಾಕೆಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

ಉಗುರೇನೋ ಬೆಳೆದವು, ಗಟ್ಟಿಯಾಗಿ ನಿಲ್ಲಲಿಲ್ಲ. ಒಂದು ಕಡೆ ಸೀಳುತ್ತಿದ್ದವು, ಇನ್ನೊಂದು ಕಡೆ ಈರುಳ್ಳಿಯಂತೆ ಪದರು ಏಳುತ್ತಿದ್ದವು. ಇದನ್ನು ಕಂಡವಳು ಪಕ್ಕದ ಮನೆಯ ರಾಣಿ. ಸವದತ್ತಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದ ಗಟ್ಟಿಗಿತ್ತಿ ಹುಡುಗಿ. ಕಾಡವ್ವನ ಕೈ ಎಳೆದುಕೊಂಡು ನೋಡಿ, "ಕಾಕೂ, ಭಾಂಡೆ ಪುಡಿ ನಿಮ್ಮ ಉಗರ ತಿನ್ನಾಕ ಹತ್ತೈತ್ರಿ" ಎಂದಳು. "ತಾಸಗಟ್ಲೆ ನೀರಾಗ ಕೈ ಇಡಬ್ಯಾಡ್ರಿ. ಭಾಂಡೆ ತಿಕ್ಕೂಮುಂದ ರಬ್ಬರ್ ಗ್ಲೌಸ್ ಹಾಕ್ಕೊಳ್ರಿ. ತೊಳದ ಮ್ಯಾಲೆ ಒರಸಿ ಎಣ್ಣಿ ಹಚ್ಚರಿ."

"ಯಾವ ಎಣ್ಣಿ?"

"ಕೊಬ್ಬರಿ ಎಣ್ಣಿ ಸಾಕು. ಉಗರಿನ ಬುಡಕ್ಕ, ಸುತ್ತಲಿನ ತೊಗಲಿಗೆ ತಿಕ್ಕರಿ. ಆ ತೊಗಲು ಕೀಳಬ್ಯಾಡ್ರಿ ಮತ್ತ, ಅದು ಉಗರಿನ ಹೊಸ್ತಿಲ ಇದ್ದಂಗ. ಹೊಸ್ತಿಲ ಕಿತ್ತರ ಹೊಲಸು ಒಳಗ ಬರತೈತಿ." ಚೀಲದಿಂದ ಉಗುರು ತಿಕ್ಕುವ ಒಂದು ಅರವನ್ನು ತೆಗೆದುಕೊಟ್ಟಳು. "ಇದರಿಂದ ಒಂದ ದಿಕ್ಕಿಗೆ ತಿಕ್ಕರಿ. ಗರಗಸದಂಗ ಆಕಡೆ ಈಕಡೆ ಎಳದರ ಸೀಳತಾವ. ಊಟದಾಗ ಬ್ಯಾಳಿ, ಕಾಳು, ಶೇಂಗಾ ಇರಲಿ. ನೀವು ಎರಡ ತುತ್ತು ಉಂಡು ಏಳತೀರಿ ಅಂತ ಅನ್ನಪೂರ್ಣಕ್ಕ ಹೇಳ್ಯಾರ. ಹೊಟ್ಟಿಗೆ ಇಲ್ಲಂದ್ರ ಉಗರಿಗೆ ಎಲ್ಲಿಂದ ಬರಬೇಕ್ರಿ?"

ಕಾಡವ್ವ ಹೇಳಿದ್ದನ್ನೆಲ್ಲ ಮಾಡಿದಳು. ಹಸಿವೆ ಇರಲಿಲ್ಲ, ಆದರೂ ಉಗುರಿಗೆ ಬೇಕು ಎಂದು ಮಡಕೆ ಕಾಳಿನ ಪಲ್ಯ ಹಾಕಿಕೊಂಡು ಉಂಡಳು. ಮಧ್ಯಾಹ್ನ ಮನೆ ನಿಶ್ಶಬ್ದವಾದಾಗ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಕಿರುಬೆರಳಿನಿಂದ ಹಿಡಿದು ಒಂದೊಂದೇ ಬೆರಳನ್ನು ತಿಕ್ಕುತ್ತ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಸುಖವಾಯಿತು ಎಂದಲ್ಲ. ದಿನದಲ್ಲಿ ಆ ಒಂದು ಕೆಲಸಕ್ಕೆ ಮಾತ್ರ ಅವಳು ಬೇಕಾಗಿದ್ದಳು. ದೀವಳಿಗೆ ಕಳೆಯುವ ಹೊತ್ತಿಗೆ ಉಗುರುಗಳು ನೀಳವಾಗಿ, ಗುಲಾಬಿ ಬಣ್ಣಕ್ಕೆ ತಿರುಗಿ, ಬಾದಾಮಿಯ ಆಕಾರಕ್ಕೆ ಬಂದವು. ಬಣ್ಣ ಹಚ್ಚಲು ರಾಣಿ ಕರೆದರೆ ಬೇಡ ಎಂದಳು.

ಊರ ಬಾಯಿಗೆ ಅಗಸಿ ಬಾಗಿಲಿದೆಯೇ? "ಗಂಡ ಹೋಗಿ ವರ್ಷಾಗಿಲ್ಲ, ಉಗರ ಬೆಳಸ್ಯಾಳ" ಎಂದಿತು. ಮಾತು ತಿರುಗಿ ತಿರುಗಿ ವಿರೂಪಾಕ್ಷನ ಕಿವಿಗೂ ಬಿತ್ತು. ಅವನು ಊಟಕ್ಕೆ ಕುಳಿತಾಗ ತಾಟು ನೋಡುತ್ತಲೇ ಹೇಳಿದ, "ವೈನಿ, ಮಂದಿ ಒಂದೀಟು ಮಾತಾಡಾಕ ಹತ್ಯಾರ್ರಿ. ಉಗರಿಂದು."

"ಅವು ತಾವ ಬೆಳೀತಾವ ತಮ್ಮಾ" ಎಂದು ಕಾಡವ್ವ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಗುಡ್ಡದ ಹುಣ್ಣಿಮೆಗಳ ಸುಗ್ಗಿ ಶುರುವಾಯಿತು. ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಬಂದ ಜನ ಅಂಗಡಿಯ ಮುಂದೆ ಮುಕುರಿದರು. ಅನ್ನಪೂರ್ಣಾಳಿಗೆ ಲೆಕ್ಕ ಬರುತ್ತಿತ್ತು, ಮಾತು ಬರುತ್ತಿತ್ತು, ಕೈ ಬರುತ್ತಿರಲಿಲ್ಲ. ಬಳೆ ಹೆಬ್ಬೆರಳ ಗಂಟಿಗೆ ಸಿಕ್ಕಿಬೀಳುತ್ತಿತ್ತು, ಜೋರು ಮಾಡಿದರೆ ಒಡೆಯುತ್ತಿತ್ತು. ಒಂದು ದಿನ ಕುಬಸದ ಬಳೆ ಇಟ್ಟುಕೊಳ್ಳಲು ಬಂದಿದ್ದ ಬಸುರಿಯ ಕೈಗೆ ಗಾಜು ಚುಚ್ಚಿ ರಕ್ತ ಬಂತು. ಅವಳ ತಾಯಿ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಳು.

ಅಂದು ಸಂಜೆ ಅನ್ನಪೂರ್ಣಾ ಹಿತ್ತಲ ಬಾಗಿಲಿಗೆ ಬಂದಳು. ಅತ್ತು ಅವಳ ಮುಖ ಊದಿತ್ತು. "ಅಕ್ಕಾ, ನೀವ ಬಂದು ಕುಂದರ್ರಿ. ಮಂದಿ ಏನರೆ ಅನ್ನಲಿ. ಬಂದವರೆಲ್ಲ ನಿಮ್ಮನ್ನ ಕೇಳತಾರ." ಕಾಡವ್ವನ ಬೆರಳು ನೋಡುತ್ತ ಹೇಳಿದಳು, "ಉಗರು ಮಾತ್ರ..."

ಕಾಡವ್ವ ತನ್ನ ಕೈ ನೋಡಿಕೊಂಡಳು. ಮೊದಲಿನಂತಾಗಲು ಎಷ್ಟು ಹೊತ್ತು ಬೇಕು? ಬ್ಲೇಡು ಒಳಗೇ ಇತ್ತು. ಕರೆದರಲ್ಲ ಎಂದು ಸಂತೋಷವಾಗಬೇಕಿತ್ತು, ಇಷ್ಟು ದಿನ ಬಿಟ್ಟು ಈಗ ಕರೆದರಲ್ಲ ಎಂದು ಸಿಟ್ಟಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಉಗುರು ಕತ್ತರಿಸುವ ಮನಸ್ಸಿಲ್ಲ ಎಂಬುದೊಂದು ಮಾತ್ರ ಅವಳಿಗೆ ನಿಚ್ಚಳವಾಗಿ ತಿಳಿಯಿತು.

"ನಾ ಕುಂದರಂಗಿಲ್ಲ. ನೀ ಕಲಿ" ಎಂದಳು. "ಕೊಡು ಕೈ."

ಅನ್ನಪೂರ್ಣಾ ಕೈ ಕೊಟ್ಟಳು. ಕಾಡವ್ವ ಆ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ಉಗುರು ತಾಗದಂತೆ ಬೆರಳು ಚಪ್ಪಟೆ ಮಾಡಿ, ಹೆಬ್ಬೆರಳಿನ ಬುಡ ನಾದಿ ತೋರಿಸಿದಳು. ಎಲುಬು ಎಲ್ಲಿ ಅಡ್ಡ ಬರುತ್ತದೆ, ಬಳೆಯನ್ನು ಯಾವ ಓರೆಯಲ್ಲಿ ಹಿಡಿದರೆ ಜಾರುತ್ತದೆ ಎಂದು ಹೇಳಿಕೊಟ್ಟಳು. ಕೇಳುತ್ತ ಕೇಳುತ್ತ ಅನ್ನಪೂರ್ಣಾಳ ಕಣ್ಣು ತುಂಬಿದವು.

"ನಿಮ್ಮನ್ನ ಅಂಗಡಿ ಬಿಡಸಬಾರದಾಗಿತ್ರೀ ಅಕ್ಕಾ."

"ಹೆಬ್ಬಟ್ಟು ಒಳಗ ಮಡಚು" ಎಂದಳು ಕಾಡವ್ವ.

ಒಂದು ವಾರ ಹೀಗೇ ನಡೆಯಿತು. ಅನ್ನಪೂರ್ಣಾಳ ಕೈ ತಿದ್ದಿತು. ಆದರೆ ಇದ್ದ ಮಾಲು ತೀರುತ್ತ ಬಂತು, ಹೊಸದನ್ನು ತರುವವರು ಯಾರು? ವಿರೂಪಾಕ್ಷನಿಗೆ ಹೊಲದಲ್ಲಿ ಕಡಲೆ ಬಂದಿತ್ತು, ಕೈ ಬಿಡುವಿರಲಿಲ್ಲ. ಕಾಡವ್ವ ಅಂಗಡಿಯಲ್ಲಿ ಕುಳಿತು ಬಳೆ ಇಡುವುದಕ್ಕೆ ಅಡ್ಡ ಬಂದ ಮಂದಿಯ ಕಣ್ಣು ಬೈಲಹೊಂಗಲದ ಪೇಟೆಯಲ್ಲಿರಲಿಲ್ಲ. "ನಾ ಹೋಗಿ ಬರತೇನಿ" ಎಂದಳು ಕಾಡವ್ವ. ಬೇಡ ಎನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ.

ಪೇಟೆಯ ಸಗಟು ಅಂಗಡಿಯವನು ಕಾಡಪ್ಪ ಎಂಬ ದಪ್ಪ ಮನುಷ್ಯ. ನಿಜಗುಣಪ್ಪನ ಹೆಸರು ಹೇಳಿದೊಡನೆ ಎದ್ದು ನಿಂತು, ಚಹಾ ತರಿಸಿ, ಲೊಚಗುಟ್ಟಿದ. ಬಳೆಯ ಕಟ್ಟುಗಳನ್ನು ಮುಂದೆ ಹರಡಿದ. ಕಾಡವ್ವ ಒಂದು ಕಟ್ಟು ಬಿಚ್ಚಿಸಿ, ಬಳೆಗಳನ್ನು ಬೆರಳಿಗೆ ತೂಗುಹಾಕಿಕೊಂಡು ಒಂದೊಂದನ್ನೇ ಉಗುರಿನಿಂದ ತಟ್ಟಿದಳು. ಒಳ್ಳೆಯ ಗಾಜು ಟಿಣ್ ಎನ್ನುತ್ತಿತ್ತು. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಸತ್ತು ಟಪ್ ಎನ್ನುತ್ತಿತ್ತು. ಅಂಥವನ್ನು ಆರಿಸಿ ಬದಿಗಿಟ್ಟಳು.

"ನಿಮ್ಮ ಮನಿಯವರು ಹಿಂಗ ಯಾವತ್ತೂ ನೋಡಲಿಲ್ಲ ಬಿಡ್ರಿ ಅವ್ವಾರ" ಎಂದ ಕಾಡಪ್ಪ. "ದೊಡ್ಡ ಮನಸಿನ ಮನಿಶಾ. ಕಟ್ಟ ಬಿಚ್ಚದನ ಚೀಲಕ್ಕ ತುಂಬಕೊಂಡು ಹೊಂಟಬಿಡತಿದ್ರು."

ಕಾಡವ್ವನ ಕೈ ನಿಂತಿತು. ಹೌದು, ಬಿಚ್ಚಿ ನೋಡುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಬಿರುಕು ಬಿಟ್ಟ ಬಳೆಗಳನ್ನು ಅವಳೇ ಆರಿಸಿ, ಅವನ ಕಣ್ಣಿಗೆ ಬೀಳದಂತೆ ಹಿತ್ತಲ ತಿಪ್ಪೆಯಲ್ಲಿ ಹೂಳುತ್ತಿದ್ದಳು. ನೋಡಿ ತರಬಾರದೇನು ಎಂದು ಒಮ್ಮೆಯೂ ಕೇಳಿರಲಿಲ್ಲ. ಇಷ್ಟು ವರ್ಷ! ಒಂದು ಬಳೆ ತಟ್ಟಿ ನೋಡಲು ಆ ಮನುಷ್ಯನಿಗೆ ಏನಾಗಿತ್ತು? ಎದೆಯ ನಡುವಿನಿಂದ ಕಾವೊಂದು ಎದ್ದು ಕಿವಿಯವರೆಗೆ ಬಂತು. ಅದು ಸಿಟ್ಟು ಎಂದು ಗುರುತಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು.

"ಯಾಕ್ರಿ ಅವ್ವಾರ, ಏನಾತ್ರಿ?" ಎಂದು ಕಾಡಪ್ಪ ಗಾಬರಿಯಿಂದ ಕೇಳಿದ.

"ಏನಿಲ್ಲ" ಎಂದಳು ಕಾಡವ್ವ. ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲಾ ಕಟ್ಟೂ ಬಿಚ್ಚರಿ. ಒಂದೊಂದ ನೋಡೇ ಒಯ್ಯತೇನಿ."