ಮದ್ದಿನ ಮಾತು

ನಮ್ಮ ಕಡೆ ಮಗ ಹೆಂಡತಿಯ ಮಾತು ಕೇಳತೊಡಗಿದರೆ ಸಾಕು, 'ಮದ್ದು ಹಾಕಿದ್ದಾಳೆ' ಎನ್ನುತ್ತಾರೆ. ಊಟದಲ್ಲಿ ಏನನ್ನೋ ಬೆರೆಸಿ ಮನಸ್ಸು ತಿರುಗಿಸುವುದಂತೆ. ಹ್ಯೂಸ್ಟನ್ನಿನಲ್ಲಿ ನಾನು ಓದುತ್ತಿರುವುದು ಎದುರಿಗಿದ್ದವರ ಮೇಲೆಲ್ಲ ಪ್ರೀತಿ ಉಕ್ಕಿಸುವ ಒಂದು ಮಾತ್ರೆಯ ಬಗ್ಗೆ ಎಂದಾಗ ಅಮ್ಮ ಫೋನಿನಲ್ಲೇ ದನಿ ತಗ್ಗಿಸಿ, "ಮದ್ದು ಹಾಕೋರ ಸಹವಾಸ ನಿನಗ್ಯಾಕೇ?" ಎಂದಿದ್ದಳು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ.

ನನ್ನ ಕೆಲಸ ಇಷ್ಟೇ: ಎರಡು ಇಲಿಗಳಿಗೆ ಆ ಔಷಧಿ ಚುಚ್ಚಿ ಒಂದೇ ಪೆಟ್ಟಿಗೆಯಲ್ಲಿ ಬಿಡುವುದು, ಅವು ಎಷ್ಟು ಹೊತ್ತು ಮೈಗೆ ಮೈ ತಾಗಿಸಿ ಮಲಗುತ್ತವೆಂದು ಸ್ಟಾಪ್‌ವಾಚ್ ಹಿಡಿದು ನೋಡುವುದು. ಔಷಧಿ ಮಿದುಳಿನಲ್ಲಿರುವ, ಮನಸ್ಸಿಗೆ ಹಿತ ಕೊಡುವ ಸೆರೊಟೋನಿನ್ ಎಂಬ ರಸವನ್ನು ಒಮ್ಮೆಲೇ ಹೊರಗೆ ಸುರಿಸುತ್ತದೆ. ಅದು ಬರಿದಾಗಿ, ಮನುಷ್ಯರಾದರೆ ಎರಡು ಮೂರು ದಿನದಲ್ಲಿ ಮನಸ್ಸು ಕುಸಿಯುತ್ತದೆ. ಹೋಲಿಕೆಗೆಂದು ಬರೀ ಉಪ್ಪುನೀರು ಚುಚ್ಚಿಸಿಕೊಂಡ ಇಲಿಗಳು ಸಾಮಾನ್ಯವಾಗಿ ದೂರ ದೂರವೇ. ಒಮ್ಮೆ ಅಂಥದೊಂದು ಜೋಡಿ ಅಂಟಿಕೊಂಡು ಮಲಗಿತ್ತು. ಸೀಸೆ ಅದಲುಬದಲಾಗಿರಬೇಕೆಂದು ಆ ದಿನದ ಟಿಪ್ಪಣಿಯನ್ನೇ ಹೊಡೆದುಹಾಕಿದೆ.

ತಂಗಿ ಮೂರು ಗಂಟೆ ದಾರಿಯ ಆಸ್ಟಿನ್ನಿನಲ್ಲಿ ಓದುತ್ತಿದ್ದಳು. ಬೇರೆ ಧರ್ಮದ ಹುಬ್ಬಳ್ಳಿ ಹುಡುಗನನ್ನು ಅವಳು ಮೆಚ್ಚಿದ್ದನ್ನು ಅಮ್ಮನ ಕಿವಿಗೆ ಹಾಕಿದವಳು ನಾನೇ. ಅಂದಿನಿಂದ ಒಂದು ವರ್ಷ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು.

"ಅಕ್ಕಾ, ನಿನ್ನೆ ಪಾರ್ಟಿಲಿ ಎಲ್ರೂ ತಬ್ಕೊಂಡು ಅಳ್ತಿದ್ರು. ನೀನೇ ನೆನಪಾದೆ. ನಿನ್ನ ಮೇಲೆ ನಂಗೆ ಕೋಪ ಇಲ್ಲ ಕಣೆ. ಬಾರೇ, ನೋಡ್ಬೇಕು." ಅಳುತ್ತಿದ್ದಳು.

ಅಲ್ಲಿಯ ಪಾರ್ಟಿಗಳಲ್ಲಿ ಆ ಮಾತ್ರೆ ಪೆಪ್ಪರಮೆಂಟಿನಂತೆ ಕೈಯಿಂದ ಕೈಗೆ ಹೋಗುತ್ತದೆಂದು ಕೇಳಿದ್ದೆ. ನನ್ನ ಪಾಂಡಿತ್ಯ ಎದ್ದು ಕುಳಿತಿತು.

"ಇದು ನೀನು ಮಾತಾಡ್ತಿರೋದಲ್ಲ, ಸೆರೊಟೋನಿನ್. ಬುಧವಾರ ಫೋನ್ ಮಾಡು. ಆಗ್ಲೂ ಕೋಪ ಇಲ್ದಿದ್ರೆ ಬರ್ತೀನಿ."

ಅವಳು ಫೋನ್ ಇಟ್ಟಳು. ಬುಧವಾರ ಫೋನ್ ಬರಲಿಲ್ಲ. ನಾನಂದಂತೆಯೇ ಆಯಿತಲ್ಲ ಎಂದುಕೊಂಡೆ. ಹಾಳು ಜಂಬ.

ಮುಂದಿನ ವರ್ಷ ಅವಳೂ ಆ ಹುಬ್ಬಳ್ಳಿ ಹುಡುಗನೂ ಮದುವೆಯಾಗಿ ಆಸ್ಟಿನ್ನಿನ ಪಕ್ಕದ ಜಾರ್ಜ್‌ಟೌನಿಗೆ ಶಿಫ್ಟ್ ಆದರೆಂದು ಬೇರೆಯವರಿಂದ ತಿಳಿಯಿತು. ತಡೆಯಲಾರದೆ ಅವಳಿಗೆ ಫೋನ್ ಮಾಡಿದೆ. ಎತ್ತಿದವನು ಅವಳ ಗಂಡ. ಆ ಭಾನುವಾರದ ಮಾತೆತ್ತಿ, ಮಾತ್ರೆ ನುಂಗಿದವಳ ಮಾತನ್ನು ನಾನು ಹೇಗೆ ನಂಬಲಿ ಎಂದೆ.

"ಅವತ್ತ ಆಕಿ ಏನೂ ತಗೊಂಡಿದ್ದಿಲ್ರಿ," ಎಂದ. "ತಗೊಂಡಾವ್ರು ನಾವು. ನಮ್ಮನ್ನೆಲ್ಲಾ ಡ್ರೈವ್ ಮಾಡಿ ಮನಿಗೆ ಬಿಟ್ಟಾಕಿ ಆಕಿ."

ಊರಿನವರ ಮದ್ದಿನ ಮಾತಿಗೆ ನಕ್ಕ ನಾನೇ ತಂಗಿಯ ಪ್ರೀತಿಗೂ ಮದ್ದೇ ಕಾರಣ ಎಂದುಬಿಟ್ಟಿದ್ದೆ. ಒಂದೇ ಒಂದು ಸಲ ಅವಳ ಕೈಗೆ ಫೋನ್ ಕೊಡಿ ಎಂದು ಬೇಡಿಕೊಂಡೆ. ಅವನು ಕರೆದದ್ದು ಕೇಳಿಸಿತು. ಆಮೇಲೆ ದೂರದಿಂದ ತಂಗಿಯ ದನಿ, ಈ ಸಲ ಅಳುವಿರಲಿಲ್ಲ:

"ಬುಧವಾರ ಮಾಡ್ಲಿ ಅಂತ ಹೇಳು."